ಎಲ್ವಿನ್‌ನ ಕಣ್ಣೀರಿನ ಶಾಸ್ತ್ರ

ಅಮೆರಿಕದ ವೆರ್ಮಾಂಟಿನ ಹಾರ್ಟ್‌ವೆಲ್ ಎಂಬ ಊರಿನಲ್ಲಿ, ಕಣ್ಣೀರು ಅಸಲಿಯೋ ನಕಲಿಯೋ ಎಂದು ಕಂಡ ಕೂಡಲೇ ಹೇಳಬಲ್ಲ ಮಹಾಪುರುಷನೊಬ್ಬನಿದ್ದ. ಹೆಸರು ಎಲ್ವಿನ್ ಟ್ಯಾಟ್ರೋ. ನಲವತ್ತು ವರ್ಷ ಹಾಲಿನ ಲಾರಿ ಓಡಿಸಿ ನಿವೃತ್ತನಾದವನು. ಊರಸಭೆಯಲ್ಲಿ ಯಾರದಾದರೂ ಗಂಟಲು ಕಟ್ಟಿತೋ, ಹಿಂದಿನ ಬೆಂಚಿನಿಂದ ಅವನ ‘ಹುಂ’ ಕೇಳಿಬರುತ್ತಿತ್ತು. ಆ ಹುಂಕಾರಕ್ಕೆ ಎಂಥೆಂಥ ವಾಗ್ಮಿಗಳು ಮೂಗೊರೆಸಿಕೊಂಡು ತೆಪ್ಪಗೆ ಕೂತಿದ್ದರು. ತೀರ್ಪು ಯಾವಾಗಲೂ ಒಂದೇ: ನಕಲಿ.

ಈ ಪಾಂಡಿತ್ಯಕ್ಕೆಲ್ಲ ಮೂಲ ಒಬ್ಬನೇ ಮನುಷ್ಯ. ಎಲ್ವಿನ್‌ಗೆ ಇಪ್ಪತ್ತೆರಡಾಗಿದ್ದಾಗ ಊರಿನ ಡೇರಿ ಮುಚ್ಚಿತು. ಚುನಾವಣೆಗೆ ನಿಂತಿದ್ದವನೊಬ್ಬ ಅದರ ಗೇಟಿನ ಮುಂದೆ ಬಿಕ್ಕಿಬಿಕ್ಕಿ ಅತ್ತ. ಎಲ್ವಿನ್ ಅವನಿಗೆ ತನ್ನ ಕರವಸ್ತ್ರವನ್ನೂ ಕೊಟ್ಟ, ವೋಟನ್ನೂ ಕೊಟ್ಟ. ಗೆದ್ದವನು ಆ ಡೇರಿಯ ಜಾಗವನ್ನು ತನ್ನ ಭಾವಮೈದುನನಿಗೆ ಕೊಡಿಸಿದ. ಕರವಸ್ತ್ರವೂ ವಾಪಸು ಬರಲಿಲ್ಲ.

“ಒಬ್ಬನ್ನ ನೋಡಿ ಲೋಕಾನೇ ನೋಡಿದೆ ಅಂತೀಯಲ್ಲೋ,” ಎಂದು ಅಕ್ಕ ಬ್ಯೂಲಾ ಚುಚ್ಚುತ್ತಿದ್ದಳು.

“ಒಂದು ಸಲ ಮೂಸಿ ನೋಡಿ ಇಡೀ ಟ್ಯಾಂಕ್ ಹಾಲು ಬೇಡ ಅಂದವನು ನಾನು!”

“ಅದು ಒಂದೇ ಕೊಟ್ಟಿಗೆ ಹಾಲು ಕಣೋ. ಅದನ್ನ ಮೂಸಿ ಪಕ್ಕದ ಮನೆ ಹಾಲು ಕೆಟ್ಟಿದೆ ಅಂತಿದ್ಯಾ?”

ಆ ಮಾರ್ಚ್ ತಿಂಗಳ ಊರಸಭೆಯ ಮುಂದಿದ್ದ ಪ್ರಶ್ನೆ: ಊರಿನ ಆಂಬುಲೆನ್ಸ್ ಉಳಿಸಿಕೊಳ್ಳುವುದೋ, ಪಕ್ಕದ ಪಟ್ಟಣದ್ದನ್ನೇ ನೆಚ್ಚುವುದೋ? ಶಾಲೆಯ ಬಸ್ ಓಡಿಸುವ ನೋರೀನ್ ಉಳಿಸಬೇಕೆಂದು ಎದ್ದು ನಿಂತಳು.

“ನಮ್ಮೂರಿಗೆ ಆಂಬುಲೆನ್ಸ್ ಇಲ್ಲದಿದ್ದಾಗ ನಮ್ಮಪ್ಪ ಅಡುಗೆಮನೆ ನೆಲದ ಮೇಲೆ ನಲವತ್ತು ನಿಮಿಷ...” ಮಾತು ಅಲ್ಲಿಗೇ ನಿಂತು ಕಣ್ಣು ತುಂಬಿತು.

“ಹುಂ,” ಎಂದ ಎಲ್ವಿನ್.

ಅವನ ತೀರ್ಪಿಗೆ ಹತ್ತಾರು ತಲೆಗಳು ಹೌದೆಂದು ಅಲ್ಲಾಡಿದವು. ನೋರೀನ್ ಕುಳಿತುಬಿಟ್ಟಳು. ಕೈ ಎತ್ತಿಸಿ ವೋಟು ಎಣಿಸುವುದು ಊಟವಾದ ಮೇಲೆ ಎಂದಾಯಿತು.

ಊಟ ಮುಗಿದು, ತಾನು ತಂದಿದ್ದ ಕಾಳುಪಲ್ಯದ ಪಾತ್ರೆ ತೊಳೆಯಲು ಸಭಾಭವನದ ಅಡುಗೆಮನೆಗೆ ಹೋದ ಎಲ್ವಿನ್‌ಗೆ, ಬಾಗಿಲಿಗೆ ಬೆನ್ನು ಹಾಕಿ ಒಬ್ಬಳೇ ತಟ್ಟೆ ಒರೆಸುತ್ತಿದ್ದ ನೋರೀನ್ ಕಂಡಳು. ಅವಳ ಭುಜಗಳು ನಡುಗುತ್ತಿದ್ದವು. ಸಭಿಕರಿಲ್ಲ, ವೋಟಿಲ್ಲ; ಅವನ ಶಾಸ್ತ್ರದ ಪ್ರಕಾರ ಇಂಥ ಅಳು ಇರುವುದಕ್ಕೇ ಸಾಧ್ಯವಿಲ್ಲ.

ಅವಳು ತಿರುಗಿದಳು. “ಬೆಳಿಗ್ಗೆ ಕಾರಲ್ಲಿ ಕೂತು ಆ ಮಾತನ್ನ ಮೂರು ಸಲ ಹೇಳಿ ನೋಡ್ಕೊಂಡೆ, ಎಲ್ವಿನ್. ಅಳಬಾರ್ದು, ಅತ್ರೆ ನೀವು ನಂಬಲ್ಲ ಅಂತ. ಮೂರು ಸಲಾನೂ ಅಳು ಬರ್ಲಿಲ್ಲ, ಇಲ್ಲಿ ಬಂತು ನೋಡಿ ಹಾಳಾದ್ದು.”

ಎಲ್ವಿನ್ ಕೈಲಿದ್ದ ಪಾತ್ರೆ ಕೆಳಗಿಟ್ಟ. ಅವಳ ಕೈಯಿಂದ ಬಟ್ಟೆ ತೆಗೆದುಕೊಂಡ.

“ನೀನು ಹೋಗಿ ಕಾಫಿ ಕುಡಿಯಮ್ಮ. ಇದನ್ನ ನಾನು ನೋಡ್ಕೋತೀನಿ.”

ಎಲ್ಲ ತಟ್ಟೆಗಳನ್ನೂ ಒರೆಸಿದ, ಆಗಲೇ ಒಣಗಿದ್ದವನ್ನೂ ಬಿಡದೆ.

ಆಂಬುಲೆನ್ಸ್ ಬೇಕೆನ್ನುವವರು ಕೈ ಎತ್ತಿ ಎಂದಾಗ ಹಿಂದಿನ ಬೆಂಚಿನಲ್ಲಿ ಮೊದಲು ಎದ್ದದ್ದು ಅವನ ಕೈ. ಸಭೆ ಕತ್ತು ತಿರುಗಿಸಿ ನೋಡಿತು. ಆಮೇಲೆ ಒಂದೊಂದಾಗಿ ಕೈಗಳು ಮೇಲೇರಿದವು. ಆಂಬುಲೆನ್ಸ್ ಉಳಿಯಿತು.

ಹೊರಗೆ ಬರುತ್ತ ಬ್ಯೂಲಾ ಕೆಣಕಿದಳು. “ಏನಪ್ಪಾ ಪಂಡಿತ, ಇನ್ಮೇಲೆ ಅಳೋರೆಲ್ಲ ಸತ್ಯವಂತರೇನೋ?”

“ನಂಗೇನ್ ಗೊತ್ತಕ್ಕ,” ಎಂದ ಎಲ್ವಿನ್. “ನಾನು ನೋಡಿರೋದೇ ಇಬ್ಬರನ್ನ.”