ಇನ್ಲೆಟ್ ನಂದು, ಎಕ್ಸಾಸ್ಟ್ ನಿಮ್ದು

ನನ್ನ ಕೈಬೆರಳುಗಳ ಬಗ್ಗೆ ನನಗೆ ಸ್ವಲ್ಪ ಜಂಬವಿದೆ. ಸೋಲಾಪುರದ ನವಿ ಪೇಠದಲ್ಲಿ ಚಾದರ, ಟವೆಲ್ಲು ಮಾರುವ ಅಂಗಡಿ ನಮ್ಮದು. ಚಾದರದ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ ತೀಡಿದರೆ ಸಾಕು, ನೂಲು ಎಂಥದ್ದು, ನಾಲ್ಕು ಸಲ ಒಗೆದ ಮೇಲೆ ಅದರ ಗತಿ ಏನು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇಂಥ ಬೆರಳುಗಳಿರುವವನಿಗೆ ಮೋಟಾರ್ ಸೈಕಲ್ಲಿನ ವಾಲ್ವು ಯಾವ ಲೆಕ್ಕ ಎಂದುಕೊಂಡದ್ದೇ ಈ ಎಲ್ಲ ರಾದ್ಧಾಂತಕ್ಕೆ ಕಾರಣ.

ನನ್ನ ಗಾಡಿ ಕೆಲವು ದಿನಗಳಿಂದ ಟಕಟಕ ಎನ್ನುತ್ತಿತ್ತು. ಹಿಂದಿನ ಸಲ ಅಕ್ಕಲಕೋಟಕ್ಕೆ, ಅಂದರೆ ಹೆಂಡತಿಯ ತವರಿಗೆ, ಹೊರಟಾಗ ವಳಸಂಗದ ಹತ್ತಿರ ಅದು ನಿಂತೂಬಿಟ್ಟಿತ್ತು. ರೇಷ್ಮೆ ಸೀರೆ ಉಟ್ಟುಕೊಂಡಿದ್ದ ಶೈಲಾ ಗಾಡಿಯನ್ನು ಹಿಂದಿನಿಂದ ನೂಕಿದಳು. ಮನೆಗೆ ಬಂದ ಮೇಲೆ ಹೇಳಿದಳು: "ಇನ್ನ ಮ್ಯಾಲ ನಾ ಎಸ್‌ಟಿ ಬಸ್ಸಿಗೇ ಹೋಗಾಕಿ. ನೀವು ನಿಮ್ಮ ಗಾಡಿ ಕೂಡ ನಿವಾಂತ ಬರ್ರಿ."

ಬೇರೆ ದಿನಗಳಲ್ಲಾದರೆ ಹೋಗಲಿ ಎನ್ನಬಹುದಿತ್ತು. ಆದರೆ ಅಧಿಕ ಮಾಸ ಬಂದಿತ್ತು. ಮರಾಠಿಯವರ ನೆರೆಯಲ್ಲಿದ್ದು ನಾವು ಕಲಿತ ಒಳ್ಳೆಯ ಪದ್ಧತಿಗಳಲ್ಲಿ ಇದು ಮೊದಲನೆಯದು. ಅಧಿಕ ಮಾಸದಲ್ಲಿ ಮಗಳು ಅಳಿಯನನ್ನು ಕರೆಸಿ, ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಹೂರಣದ ಊಟ ಹಾಕುತ್ತಾರೆ. ಮೂರು ವರ್ಷಕ್ಕೊಮ್ಮೆ ಸಿಗುವ ಮರ್ಯಾದೆ. ಅಂಥ ದಿನ ಮಗಳು ಎಸ್‌ಟಿಯಿಂದ ಇಳಿದು, ಅಳಿಯ ಹಿಂದಿನಿಂದ ಒಬ್ಬನೇ ಟಕಟಕ ಎನ್ನುತ್ತ ಬಂದರೆ, ನನ್ನ ಮಾವನವರ ಓಣಿ ಏನೆಂದುಕೊಂಡೀತು? ಅವಳು ನನ್ನ ಹಿಂದೆ ಕೂತೇ ಬರಬೇಕಿತ್ತು. ಅದಕ್ಕಾಗಿ ಗಾಡಿ ರಿಪೇರಿಯಾಗಬೇಕಿತ್ತು.

ಗ್ಯಾರೇಜಿನ ಮಿಸ್ತ್ರಿ ಕಿವಿಗೊಟ್ಟು ಕೇಳಿ "ಟ್ಯಾಪಿಟ್ ಸೆಟ್ ಮಾಡಬೇಕ್ರಿ ಶೇಟ್ರ" ಎಂದ. ಮಾಡು ಎಂದರೆ ಮುಂದಿನ ವಾರ ಬರ್ರಿ ಎಂದ, ಊಟ ಈ ವಾರವೇ ಇತ್ತು. ನಾನು ಮನೆಗೆ ಬಂದು ಮೊಬೈಲಿನಲ್ಲಿ ವಿಡಿಯೋ ಹಾಕಿದೆ. ವಿಡಿಯೋ ಹಿಂದಿಯಲ್ಲಿತ್ತು, ಗಾಡಿಯ ಪುಸ್ತಕ ಇಂಗ್ಲಿಷಿನಲ್ಲಿ, ನಟ್ಟು ತಿರುಗಿಸುವ ಪಾನಾ ತಂದ ಅಂಗಡಿ ಮರಾಠಿಯಲ್ಲಿ, ಮನೆಯಲ್ಲಿ ಬೈಸಿಕೊಂಡದ್ದು ಕನ್ನಡದಲ್ಲಿ. ಒಟ್ಟಿನಲ್ಲಿ ತಿಳಿದದ್ದು ಇಷ್ಟು: ಎಂಜಿನ್ನಿನ ತಲೆಯಲ್ಲಿ ಎರಡು ಪುಟ್ಟ ಬಾಗಿಲುಗಳಿವೆ. ಇನ್ಲೆಟ್ ಎಂಬುದು ಗಾಳಿ ಪೆಟ್ರೋಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಎಕ್ಸಾಸ್ಟ್ ಎಂಬುದು ಹೊಗೆಯನ್ನು ಹೊರಗೆ ಹಾಕುತ್ತದೆ. ಬಾಗಿಲಿಗೂ ಅದನ್ನು ಒತ್ತುವ ಸನ್ನೆಕೋಲಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಸಪ್ಪಳ. ಕಡಿಮೆಯಾದರೆ ಸಪ್ಪಳವೇ ಇಲ್ಲ, ಆದರೆ ಬಾಗಿಲು ಪೂರ್ತಿ ಮುಚ್ಚದೆ ಒಳಗೊಳಗೇ ಸುಡುತ್ತದೆ.

ಯೋಚಿಸಿ ನೋಡಿದರೆ ಅಧಿಕ ಮಾಸವೂ ಇಂಥದ್ದೇ ಕೆಲಸ. ಸೂರ್ಯನ ವರ್ಷಕ್ಕೂ ಚಂದ್ರನ ವರ್ಷಕ್ಕೂ ತಾಳೆಯಾಗುವುದಿಲ್ಲ. ನಡುವಿನ ಸಂದು ಬೆಳೆಯುತ್ತ ಹೋದರೆ ದೀಪಾವಳಿ ಮಳೆಗಾಲಕ್ಕೆ ಬಂದು ಕೂರುತ್ತದೆ. ಅದಕ್ಕೇ ಪಂಚಾಂಗದವರು ಆಗಾಗ ಒಂದು ತಿಂಗಳು ಸೇರಿಸಿ ಆಕಾಶದ ಟ್ಯಾಪಿಟ್ ಸೆಟ್ ಮಾಡುತ್ತಾರೆ. ಹಳಬರು ಆಕಾಶವನ್ನೇ ಸರಿಮಾಡಿರುವಾಗ ನನ್ನಿಂದ ಒಂದು ಸಿಲಿಂಡರ್ ಸರಿಮಾಡಲಾಗದೇ? ಈ ವಿಚಾರವನ್ನು ಶೈಲಾಳಿಗೆ ಹೇಳಿದೆ. ಅವಳು ಎಸ್‌ಟಿ ಎಷ್ಟು ಗಂಟೆಗಿದೆ ಎಂದು ಕೇಳಿದಳು.

ಹೊರಡುವ ಹಿಂದಿನ ದಿನ ಅಂಗಡಿಗೆ ರಜೆ. ಪುಸ್ತಕದ ಮೊದಲ ಸೂಚನೆಯೇ ನನ್ನನ್ನು ಕೆಡವಿತು: ಎಂಜಿನ್ ಪೂರ್ತಿ ತಣ್ಣಗಿರಬೇಕು, ಮೂವತ್ತೈದು ಡಿಗ್ರಿಯ ಒಳಗೆ. ಬರೆದ ಪುಣ್ಯಾತ್ಮ ಸೋಲಾಪುರದ ಬೇಸಿಗೆ ಕಂಡವನಲ್ಲ. ನಮ್ಮಲ್ಲಿ ಆಗ ನಲ್ಲಿಯ ನೀರು ತಣ್ಣಗಿರುವುದಿಲ್ಲ, ನೆಲ ತಣ್ಣಗಿರುವುದಿಲ್ಲ, ಮನುಷ್ಯರಂತೂ ಇರುವುದೇ ಇಲ್ಲ. ಎರಡು ದಿನದಿಂದ ಚಾಲೂ ಮಾಡದ ಗಾಡಿ ಬೆಳಿಗ್ಗೆ ಹತ್ತಕ್ಕೇ ಮುಟ್ಟಿದರೆ ಚುರ್ರೆನ್ನುತ್ತಿತ್ತು. ಅದನ್ನು ಪಡಸಾಲೆಯೊಳಗೆ ತಂದು ಫ್ಯಾನಿನ ಕೆಳಗೆ ನಿಲ್ಲಿಸಿದೆ. ನಮ್ಮ ಅಂಗಡಿಯದೇ ಒಂದು ದೊಡ್ಡ ಟವೆಲ್ಲನ್ನು ಮಣ್ಣಿನ ಮಾಠದ ತಣ್ಣೀರಿನಲ್ಲಿ ಅದ್ದಿ ಎಂಜಿನ್ನಿಗೆ ಸುತ್ತಿದೆ. ಶೈಲಾ ಬಾಗಿಲಲ್ಲಿ ನಿಂತು ನೋಡಿ, "ಪಾವಣ್ಯಾರಿಗೆ ಚಾ ಮಾಡ್ಲೇನ್ರಿ, ಇಲ್ಲಾ ಮಾವಿನಕಾಯಿ ಪನ್ಹಾ ಕುಡೀತಾರ?" ಎಂದು ಗಾಡಿಯನ್ನು ಮನೆಗೆ ಬಂದ ನೆಂಟನಂತೆ ವಿಚಾರಿಸಿದಳು. ಕಾವು ಇಳಿಯುವ ತನಕ ಗಾಡಿ ಫ್ಯಾನಿನ ಕೆಳಗಿತ್ತು, ನಾನು ಬಾಗಿಲ ಬಳಿಯ ಬಿಸಿಗಾಳಿಯಲ್ಲಿದ್ದೆ.

ತಣ್ಣಗಾದ ಮೇಲೆ ಕೆಲಸ ಶುರು ಮಾಡಿದೆ. ಎಂಜಿನ್ನಿನ ಪಕ್ಕದ ಕಿಟಕಿಯಲ್ಲಿ ಟಿ ಎಂಬ ಅಕ್ಷರ ಕಾಣುವ ತನಕ ಚಕ್ರ ತಿರುಗಿಸಬೇಕು. ತಿರುಗಿಸಿದೆ, ಟಿ ಕಂಡಿತು. ಸಂದು ಇಲ್ಲವೇ ಇಲ್ಲ, ಆದ್ದರಿಂದ ಧಾರಾಳವಾಗಿ ಸಡಿಲಿಸಿದೆ. ಎಲ್ಲ ಮುಚ್ಚಿ, ಅಂಗಳಕ್ಕೆ ಒಯ್ದು ಕಿಕ್ ಹೊಡೆದೆ. ಎದ್ದ ಸಪ್ಪಳಕ್ಕೆ ಪಕ್ಕದ ಮನೆಯ ಕಾಕೂ ಹೊರಗೆ ಬಂದು, ಪವರ್‌ಲೂಮು ಹಾಕಿದಿರೇನು ಎಂದು ಮರಾಠಿಯಲ್ಲಿ ಕೇಳಿದರು. ವಿಡಿಯೋವನ್ನು ಮತ್ತೆ ನೋಡಿದಾಗ ತಿಳಿಯಿತು. ಟಿ ಎರಡು ಸಲ ಬರುತ್ತದೆ. ಒಂದು ಸಲ ಎರಡೂ ಬಾಗಿಲು ಮುಚ್ಚಿರುತ್ತವೆ, ಇನ್ನೊಂದು ಸಲ ಎರಡೂ ಅರೆತೆರೆದಿರುತ್ತವೆ. ತೆರೆದ ಬಾಗಿಲಿನ ಅಳತೆ ಹಿಡಿದು ನಾನು ಚಿಲಕ ಕೂರಿಸಿದ್ದೆ. ಗಾಡಿ ಚಾಲೂ ಮಾಡಿದ್ದರಿಂದ ಎಂಜಿನ್ ಬಿಸಿಯಾಗಿತ್ತು. ಮತ್ತೆ ಪಡಸಾಲೆ, ಮತ್ತೆ ಫ್ಯಾನು, ಮತ್ತೆ ಟವೆಲ್ಲು.

ಎರಡನೆಯ ಸಲ ಟಿ ಸರಿಯಿತ್ತು, ಕೈ ಸಾಲಲಿಲ್ಲ. ಸಂದಿನಲ್ಲಿ ಉಕ್ಕಿನ ತೆಳ್ಳನೆ ಪಟ್ಟಿ ಇಟ್ಟು, ಒಂದು ಕೈಯಲ್ಲಿ ಸ್ಕ್ರೂ ಹಿಡಿದು, ಇನ್ನೊಂದರಲ್ಲಿ ನಟ್ಟು ಬಿಗಿಮಾಡಬೇಕು. ನಟ್ಟು ಬಿಗಿಯಾಗುವಾಗ ಸ್ಕ್ರೂ ಜೊತೆಗೇ ಹೊರಟುಬಿಡುತ್ತದೆ. ಪಟ್ಟಿಯನ್ನು ಎಳೆದಾಗ "ಹಲ್ಕಾ ಸಾ", ಅಂದರೆ ಹಗುರಾಗಿ, ಹಿಡಿದಂತಾಗಬೇಕು ಎಂದು ವಿಡಿಯೋದವನು ಹೇಳುತ್ತಿದ್ದ. ಹಲ್ಕಾ ಎಂದರೆ ಎಷ್ಟು? ನನ್ನ ಹೆಸರಾಂತ ಬೆರಳುಗಳು ಆ ಪಟ್ಟಿಯನ್ನು ತೀಡಿದವು, ತೂಗಿದವು, ಏನೂ ತಿಳಿಯದೆ ಸುಮ್ಮನಾದವು. ಉಕ್ಕಿಗೆ ನೂಲಿಲ್ಲ. ಕೊನೆಗೆ, ಜರಾ ಹಿಡಿ ಬಾ, ಎಂದು ಶೈಲಾಳನ್ನು ಕರೆದೆ.

ಅವಳು ಹಿಟ್ಟಿನ ಕೈ ತೊಳೆದು ಬಂದು ಪಟ್ಟಿ ಎಳೆದು ನೋಡಿದಳು. "ಕೈಗೆ ಬಳಿ ಏರಿಸಿದಂಗ ಅನ್ರಲಾ. ಮುಷ್ಟಿ ದಾಟೂ ಮುಂದ ಜರಾ ಬಿಗಿ ಹತ್ತಬೇಕು, ಒಡೀಬಾರದು." ಹಾಗೆ ಹೇಳಿ ಇನ್ಲೆಟ್ಟಿನ ಸ್ಕ್ರೂ ತಾನೇ ಹಿಡಿದಳು. ನಾನು ನಟ್ಟು ತಿರುಗಿಸುವ ಕೂಲಿಯಾದೆ. ಅದು ಮುಗಿದ ಮೇಲೆ, ಎಕ್ಸಾಸ್ಟನ್ನಾದರೂ ನಾನು ಮಾಡುತ್ತೇನೆ ಎಂದು ಹಟ ಹಿಡಿದೆ. "ಮಾಡ್ರಿ," ಎಂದಳು. "ಇನ್ಲೆಟ್ ನಂದು, ಎಕ್ಸಾಸ್ಟ್ ನಿಮ್ದು. ಹೊಗಿ ಬಿಡೂದು ಹೆಂಗೂ ನಿಮ್ಮ ಖಾತೆ."

ಈ ಸಲ ಗಾಡಿ ಮೆಲ್ಲಗೆ ಗುರುಗುಟ್ಟಿತು. ಮಾರನೆಯ ಬೆಳಿಗ್ಗೆ ಶೈಲಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಹಿಂದೆ ಕೂತಳು. ತನ್ನ ವಾಲ್ವು ಹೇಗೆ ನಡೆಯುತ್ತದೆ ನೋಡಬೇಕು, ಅದಕ್ಕೇ ಬರುತ್ತಿದ್ದೇನೆ ಎಂದು ಸ್ಪಷ್ಟಪಡಿಸಿದಳು. ಕಾರಣ ಏನಾದರೂ ಇರಲಿ, ನನಗೆ ಖುಷಿಯಾಯಿತು.

ವಳಸಂಗ ದಾಟುವ ತನಕ ಚೆನ್ನಾಗಿತ್ತು. ಆಮೇಲೆ ಸಣ್ಣಗೆ ಒಂದು ಟಿಕ್ ಟಿಕ್ ಶುರುವಾಯಿತು. ಕೇಳಿಸದವನಂತೆ ಸುಮ್ಮನೆ ಓಡಿಸಿದೆ. ಭುಜದ ಮೇಲಿನಿಂದ ಮಾತು ಬಂತು: "ಅದು ನಿಮ್ದು." ಅದು ಇನ್ಲೆಟ್ಟಿನ ಸಪ್ಪಳವೆಂದು ನಾನು, ಅಲ್ಲವೆಂದು ಅವಳು. ನನ್ನ ಕಿವಿಗೆ ಎರಡರ ಸಪ್ಪಳದ ವ್ಯತ್ಯಾಸ ತಿಳಿಯುವುದಿಲ್ಲ, ಅವಳಿಗೂ ತಿಳಿಯುವುದಿಲ್ಲ. ಆದರೂ ಅಕ್ಕಲಕೋಟದ ತನಕ ಇಬ್ಬರೂ ವಾದ ಬಿಡಲಿಲ್ಲ. ಗಾಡಿಯೂ ಎಲ್ಲೂ ನಿಲ್ಲಲಿಲ್ಲ.

ಬಾಗಿಲಲ್ಲೇ ನಿಂತಿದ್ದ ಮಾವನವರು ಕಿವಿ ಚುರುಕಿನವರು, ಟ್ರ್ಯಾಕ್ಟರು ಇಟ್ಟವರು. "ಬರ್ರಿ ಅಳಿಯಂದ್ರ. ಗಾಡಿ ಸಪ್ಪಳ ಮಾಡಾಕತ್ತದಲ್ರಿ? ಯಾ ಮಿಸ್ತ್ರಿ ಕಡಿಂದ ಮಾಡ್ಸೀರಿ?" ಎಂದರು. ಆರತಿಯ ತಟ್ಟೆ ಹಿಡಿದು ಅತ್ತೆ, ಮೆಟ್ಟಿಲ ಮೇಲೆ ಅರ್ಧ ಓಣಿ, ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದರು.

"ಮಿಸ್ತ್ರಿ ಯಾಕ ಬೇಕಪಾ," ಶೈಲಾ ಗಾಡಿಯಿಂದ ಇಳಿಯುತ್ತ ಹೇಳಿದಳು. "ನಾವಿಬ್ರೂ ಮನ್ಯಾಗ ಮಾಡೀವಿ. ಅಷ್ಟು ಸಪ್ಪಳ ಇರಬೇಕದು. ಇಲ್ಲಂದ್ರ ಒಳಗ ಸುಡ್ತದ."

ಮಾವನವರು ತಲೆದೂಗಿದರು. ಮಣೆಯ ಮೇಲೆ ಕೂತು ನಾನು ಹೂರಣದ ಮೇಲೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡೆ.

ಸಂಜೆ ಹೊರಟು ಅಕ್ಕಲಕೋಟದ ಸ್ಟ್ಯಾಂಡು ದಾಟುವುದರೊಳಗೆ ಸಪ್ಪಳ ಮತ್ತೆ ನನ್ನದಾಯಿತು. ಎಕ್ಸಾಸ್ಟ್ ಅಂದರೆ ಏನೆಂದು ನಿಮಗೆ ಗೊತ್ತಿದೆಯೇ ಎಂಬಲ್ಲಿಂದ ಹಿಡಿದು ಸೋಲಾಪುರದ ತನಕ ಬೈಸಿಕೊಂಡೆ. ದಾರಿಯಲ್ಲಿ ಒಂದು ಎಸ್‌ಟಿ ನಮ್ಮನ್ನು ಹಿಂದೆ ಹಾಕಿ ಹೋಯಿತು, ಅರ್ಧಕ್ಕರ್ಧ ಖಾಲಿ ಇತ್ತು. ಹೋಗಲಿ ಬಿಡು ಎಂದುಕೊಂಡು ನಾನು ಗಾಡಿಯನ್ನು ಇನ್ನಷ್ಟು ನಿಧಾನ ಮಾಡಿದೆ. ಬೈಗುಳ ಬೆನ್ನ ಹಿಂದಿನಿಂದಲೇ ಬರುತ್ತಿತ್ತು.