ಸಿಡ್ನಿಯ ಬಿಸಿಲಲ್ಲಿ ಕ್ಯಾಚರಿನ ಕನ್ನಡ

ಚೆಂಡು ಎಸೆಯಲು ಕ್ಲೋಯಿ ಎಂಬ ಬಿಳಿಯ ಹುಡುಗಿ ಕೈ ಎತ್ತುವ ಮೊದಲೇ ನನ್ನ ಮಗಳು ಮೇಘನಾ "ಕೆಳಗೆ!" ಎಂದು ಕೂಗಿದಳು. ಚೆಂಡು ಕೆಳಗೇ ಬಂತು. ಸಿಡ್ನಿಯ ಮೈದಾನವೊಂದರ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ ನಾನು ಬೆಚ್ಚಿ ಕಣ್ಣುಬಿಟ್ಟೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಇವಳೇನಾ?

ನಾವಿರುವುದು ಮೆಲ್ಬರ್ನಿನ ವೆರಿಬೀಯಲ್ಲಿ. ಅಲ್ಲಿಯ ಮಕ್ಕಳ ಬೇಸ್‌ಬಾಲ್ ತಂಡಕ್ಕೆ ಮೇಘನಾ ಕ್ಯಾಚರ್. ಅಂದರೆ, ಬ್ಯಾಟ್ ಹಿಡಿದವರ ಬೆನ್ನ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂರುವವಳು. ಚೆಂಡು ಎಲ್ಲಿ ಬೀಳಬೇಕೆಂದು ಹೇಳುವವಳೂ ಅವಳೇ. ಆಟದ ಕಾಲ ಶುರುವಾಗುವುದು ಬೇಸಿಗೆಗೆ, ಅಂದರೆ ಈ ದೇಶದಲ್ಲಿ ವರ್ಷದ ಕೊನೆಗೆ. ಸೆಪ್ಟೆಂಬರಿನಲ್ಲಿ ಮೆಲ್ಬರ್ನಿನ ಗಾಳಿ ಇನ್ನೂ ಮೂಳೆ ಕೊರೆಯುತ್ತಿರುವುದರಿಂದ ತಂಡದವರು ಮಕ್ಕಳನ್ನು ಕಾರುಗಳಲ್ಲಿ ತುಂಬಿಕೊಂಡು ಬಿಸಿಲು ಹುಡುಕಿ ಸಿಡ್ನಿಗೆ ಹೋಗುತ್ತಾರೆ. ಅಲ್ಲಿ ಆಡುವ ಆಟಗಳಿಗೆ ಪ್ರೀ-ಸೀಸನ್ ಪಂದ್ಯಗಳೆಂದು ಹೆಸರು. ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲ. ಬಿಸಿಲಿಗಾಗಿ ಹಗಲಿಡೀ ಕಾರು ಓಡಿಸಿದೆವೆಂದು ಗದಗಿನ ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಅವಳು ನಕ್ಕೇ ನಕ್ಕಳು.

ನನಗೆ ಮಾತ್ರ ಈ ಪ್ರವಾಸ ಲೆಕ್ಕಕ್ಕಿತ್ತು. ಗಂಡನಿಗೆ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಉತ್ತರ ಹೇಳಬೇಕು. ಅವರು ಓದಲು ಬಂದಾಗ ನಾವಿದ್ದದ್ದು ಸಿಡ್ನಿಯಲ್ಲೇ. ರೆಂಟ್ ತಾಳಲಾರದೆ ಮೆಲ್ಬರ್ನಿಗೆ ಹೋದೆವು. ಈಗ ಮತ್ತೆ ಅದೇ ರಟ್ಟಿನ ಪೆಟ್ಟಿಗೆಗಳು, ಅದೇ ಅಂಟುಪಟ್ಟಿ. ನೆನೆದರೇ ಸುಸ್ತಾಗುತ್ತಿತ್ತು. ಆದರೂ ಮನಸ್ಸು ಸಿಡ್ನಿಯ ಕಡೆಗೇ ವಾಲುತ್ತಿತ್ತು. ವೃದ್ಧಾಶ್ರಮದಲ್ಲಿ ಅಜ್ಜ ಅಜ್ಜಿಯರನ್ನು ಎತ್ತಿ ಕೂರಿಸಿ ಸವೆದ ನನ್ನ ಸೊಂಟಕ್ಕೆ ಇಲ್ಲಿಯ ಬೆಚ್ಚಗಿನ ಹವೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಬಾಯ್ತುಂಬ ಕನ್ನಡ ಬೇಕಿತ್ತು; ನಾರ್ವೆಸ್ಟ್ ಕಡೆ ಕನ್ನಡದವರು ಬಹಳ. ವೆರಿಬೀಯ ಅಂಗಡಿಗಳಲ್ಲಿ ಹಿಂದಿಯಲ್ಲಿ ಬೇಳೆ ಕೇಳಿ ಕೇಳಿ ನಾಲಿಗೆ ಒಣಗಿತ್ತು.

ಮೇಘನಾ ಮಾತ್ರ ತಂಡ ಬಿಟ್ಟು ಬರಲೊಲ್ಲೆ ಎಂದು ಹಟ ಹಿಡಿದಿದ್ದಳು. "ನೀನೇ ಡಿಸೈಡ್ ಮಾಡಮ್ಮ, ನಿಂಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ" ಎಂದು ಮೈಸೂರಿನ ನನ್ನ ಗಂಡ ಭಾರವನ್ನೆಲ್ಲ ನನ್ನ ತಲೆಗೆ ಕಟ್ಟಿದರು.

ಮಧ್ಯೆ ನೀರು ಕುಡಿಯಲು ಬಂದ ಮಗಳನ್ನು ಕೇಳಿದೆ, "ಏನೇ ಅದು, ಕನ್ನಡದಲ್ಲಿ ಕೂಗ್ತಿದೀಯಾ?"

"ಇಟ್ಸ್ ಅವರ್ ಕೋಡ್, ಅಮ್ಮ. ನೋಬಡಿ ನೋಸ್ ಇಟ್!" ಎಂದಳು. ಬೆರಳ ಸನ್ನೆಯನ್ನು ಎದುರಾಳಿಗಳು ನೋಡಿಬಿಡುತ್ತಾರೆ, ಕನ್ನಡ ಯಾರಿಗೂ ತಿಳಿಯುವುದಿಲ್ಲ ಎಂಬುದು ಅವಳ ಉಪಾಯ. ನನಗೆ ಹೆಮ್ಮೆಯಾಯಿತು. ಜೊತೆಗೆ, ಮಗಳ ಬಾಯಿಂದ ನನಗೆ ಸಿಗದ ಕನ್ನಡ ಕ್ಲೋಯಿಗೆ ಸಿಕ್ಕಿದ್ದಕ್ಕೆ ಹೊಟ್ಟೆಯುರಿಯೂ ಆಯಿತು.

ಎರಡನೆಯ ಪಂದ್ಯದಲ್ಲಿ ಉಪಾಯ ಕೈಕೊಟ್ಟಿತು. ಮೇಘನಾ "ಮೇಲೆ!" ಎಂದರೆ ಸಿಡ್ನಿ ತಂಡದ ಹುಡುಗಿಯೊಬ್ಬಳು ಮೇಲಕ್ಕೇ ಬ್ಯಾಟ್ ಹಿಡಿದು ಕಾಯುತ್ತಿದ್ದಳು. "ಹೊರಗೆ!" ಎಂದರೆ ಒಂದು ಹೆಜ್ಜೆ ಮುಂದಿಡುತ್ತಿದ್ದಳು. ಚೆಂಡು ಬೇಲಿ ದಾಟಿತು. ಅವಳು ಸುತ್ತು ಓಡಿ ಬಂದು ಹೆಲ್ಮೆಟ್ ತೆಗೆದಾಗ ಕಂಡದ್ದು ಎಣ್ಣೆ ಹಚ್ಚಿ ಹೆಣೆದ ಎರಡು ಜಡೆ.

ಪಕ್ಕದ ಕುರ್ಚಿಯ ಹೆಂಗಸು ಚಪ್ಪಾಳೆ ತಟ್ಟಿ ನನ್ನತ್ತ ತಿರುಗಿದರು. "ಕೂಗುವ ಹುಡುಗಿ ನಿಮ್ದಾ? ಹೊಡೆದವಳು ನನ್ನ ಮಗಳು. ನಂದು ಉಡುಪಿ ಮಾರಾಯ್ರೆ, ಇವಳ ಅಪ್ಪ ಬೆಂಗಳೂರು. ಇವಳು ಕನ್ನಡದಲ್ಲಿ ಒಂದು ಮಾತು ಆಡುದಿಲ್ಲ. ಇವತ್ತೇ ಗೊತ್ತಾದ್ದು, ಎಲ್ಲ ಅರ್ಥ ಆಗ್ತದೆ ಅಂತ!"

ಆಮೇಲೆ ನಾನು ಪಂದ್ಯ ನೋಡಲೇ ಇಲ್ಲ. ಅವರ ಫ್ಲಾಸ್ಕಿನ ಚಹಾ ಕುಡಿಯುತ್ತ ಅತ್ತೆ, ನಾದಿನಿ, ಕೊತ್ತಂಬರಿ ಸೊಪ್ಪು ಎಲ್ಲವನ್ನೂ ಮಾತಾಡಿದೆವು. "ಇಲ್ಲಿಗೇ ಬನ್ನಿ, ನಾವೆಲ್ಲ ಇದ್ದೇವಲ್ಲ" ಎಂದರು. ಒಳಗೊಳಗೇ ನಾನು ಪೆಟ್ಟಿಗೆ ಕಟ್ಟತೊಡಗಿದ್ದೆ.

ಆಟ ಮುಗಿದಾಗ ಮೇಘನಾ ಜಾಲರಿಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಲೆಕ್ಕಕ್ಕಿಲ್ಲದ ಆಟಕ್ಕೆ ಯಾಕೆ ಅಳ್ತೀಯಾ ಎಂದೆ. ಸೋತದ್ದಕ್ಕಲ್ಲವಂತೆ. "ಹಿಯರ್ ಎವ್ರಿವನ್ ನೋಸ್ ಇಟ್. ದೇರ್ ಇಟ್ ವಾಸ್ ಮೈನ್" ಎಂದಳು. ಇಲ್ಲಿ ಎಲ್ಲರಿಗೂ ಗೊತ್ತು, ಅಲ್ಲಿ ಅದು ನನ್ನದಾಗಿತ್ತು.

ಎಲ್ಲರಿಗೂ ಅರ್ಥವಾಗುವ ಕಡೆಗೆ ನಾನು ಓಡಲು ಹೊರಟಿದ್ದೆ. ಯಾರಿಗೂ ಅರ್ಥವಾಗದ ಕಡೆಯೇ ಅವಳು ಕನ್ನಡಕ್ಕೆ ಬಾಯಿ ತೆರೆದದ್ದು. ಸಿಡ್ನಿಗೆ ಬಂದರೆ ನನಗೆ ಗೆಳತಿಯರು ಸಿಗುತ್ತಾರೆ, ಇವಳ ಬಾಯಿ ಮುಚ್ಚಿಹೋಗುತ್ತದೆ. ಏನು ಮಾಡಲಿ?

ಹಿಂದಿರುಗುವಾಗ ಕ್ಲೋಯಿ ನಮ್ಮ ಕಾರಿನಲ್ಲಿದ್ದಳು. ಬೇರೆ ಪದ ಬೇಕು ಅಮ್ಮ, ಅವರಿಗೆ ಗೊತ್ತಿಲ್ಲದ್ದು ಎಂದು ಮೇಘನಾ ಇಂಗ್ಲಿಷಿನಲ್ಲಿ ಗೋಗರೆದಳು. ಬೆಂಗಳೂರಿನ ಹಾಸ್ಟೆಲಿನಲ್ಲಿ ಗೆಳತಿಯರು ನಕ್ಕರೆಂದು ನಾನು ಎಂದೋ ಒಳಗಿಟ್ಟ ನಮ್ಮೂರ ಮಾತು ನೆನಪಾಯಿತು.

"ಸನೇಕ" ಎಂದೆ.

"ಹಂಗಂದ್ರೇನೇ?" ಕಾರು ಓಡಿಸುತ್ತಿದ್ದ ಗಂಡ ಕೇಳಿದರು.

"ಈವನ್ ಅಪ್ಪ ಡಸಂಟ್ ನೋ!" ಮೇಘನಾ ಕುಣಿದಳು. ಹತ್ತಿರ ಎಂದು ಅರ್ಥ ಹೇಳಿದೆ. ಕೆಳಗೆ ಎನ್ನಲು "ಬುಡಕ", ಮೇಲೆ ಎನ್ನಲು "ಮ್ಯಾಲ" ಕೊಟ್ಟೆ. ದಕ್ಷಿಣಕ್ಕೆ ಹೋದಷ್ಟೂ ಚಳಿ ಏರುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು.

"ರೀ, ಸೋಮವಾರ ಸಿಡ್ನಿಯ ಆಫೀಸಿನವರಿಗೆ ಆಗೂದಿಲ್ಲ ಅಂತ ಹೇಳಿಬಿಡ್ರಿ" ಎಂದೆ. ಎಷ್ಟೋ ವರ್ಷದ ಮೇಲೆ ನನ್ನ ಬಾಯಲ್ಲಿ ಗದಗಿನ ಮಾತು ಬಂದಿತ್ತು. ಅವರು ಹೀಟರ್ ಹಾಕಿದರು.

ಹಿಂದಿನ ಸೀಟಿನಲ್ಲಿ ಕ್ಲೋಯಿ "ಸನೇಕಾ, ಸನೇಕಾ" ಎಂದು ಉರು ಹೊಡೆಯುತ್ತಿದ್ದಳು. ನನ್ನನ್ನು ಬಿಟ್ಟರೆ ವೆರಿಬೀಯಲ್ಲಿ ನನ್ನೂರ ಮಾತು ಬಲ್ಲವರು ಈಗ ಇಬ್ಬರಿದ್ದಾರೆ. ಇಬ್ಬರಿಗೂ ಬರುವುದು ಮೂರೇ ಪದ.