ಪೆಟ್ಟಿಗೆ ಇಳಿಯದ ಗುಂಡಿ

ನನ್ನ ಗಂಡನಿಗೆಂದು ತೋಡಿದ ಗುಂಡಿಯಲ್ಲಿ ಮೊದಲು ಕೂತವಳು ನಾನು.

ಗುಂಡಿ ಇದ್ದದ್ದು ಕುಣಿಗಲ್ ಹತ್ತಿರದ ನಮ್ಮೂರಲ್ಲಿ, ಮಾವನವರ ತೆಂಗಿನ ತೋಟದ ಮೂಲೆಯಲ್ಲಿ. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಪೂಜೆಗೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿ ಕೂರಿಸುತ್ತಾರೆ. ಅದಕ್ಕೇ ಗುಂಡಿ ಉದ್ದಕ್ಕಿರುವುದಿಲ್ಲ, ಚೌಕವಾಗಿ ಆಳಕ್ಕೆ ಇಳಿಯುತ್ತದೆ. ತಳದಲ್ಲಿ ಒಂದು ಗೋಡೆಯನ್ನು ಕೊರೆದು, ಒಬ್ಬರು ಕೂರುವಷ್ಟು ಗೂಡು ಮಾಡಿರುತ್ತಾರೆ. ದೇಹವನ್ನು ಅದರೊಳಗೆ ಕೂರಿಸಿ, ವಿಭೂತಿ ಬಿಲ್ವಪತ್ರೆ ಇಟ್ಟು ಮುಚ್ಚುತ್ತಾರೆ. ನಾನು ಕೂತದ್ದು ಆ ಗೂಡಿನಲ್ಲಿ. ಯಾಕೆ ಕೂತೆ ಅಂತ ಹೇಳಬೇಕಾದರೆ ಕುದುರೆಗಳಿಂದ ಶುರು ಮಾಡಬೇಕು.

ನನ್ನ ಗಂಡ ಕುದುರೆ ನೋಡಿಕೊಳ್ಳುವ ಕೆಲಸದವರು. ಕುಣಿಗಲ್ ಕಡೆ ಅದೇನು ಹೊಸ ಕಸುಬಲ್ಲ. ಮೈ ಉಜ್ಜುವುದು, ಗೊರಸು ಕೆರೆದು ಚೊಕ್ಕ ಮಾಡುವುದು, ಮರಿ ಹಾಕುವ ಕುದುರೆಯ ಪಕ್ಕ ಕಾಯುತ್ತ ಕೂರುವುದು. ನಮ್ಮ ಮದುವೆಯಲ್ಲಿ ನನ್ನ ತೌರಿನ ಕಡೆಯ ಗುಬ್ಬಿ ಹೆಂಗಸರು, "ಏನೇ, ನಿನ್ ಗಂಡು ಗಂಧ ಹಚ್ಕಂಡ್ರೂ ಲದ್ದಿ ವಾಸ್ನೆ ಹೊಡೀತಾನಲ್ಲೇ" ಎಂದು ನಕ್ಕಿದ್ದರು. ನನ್ನ ಗಂಡ ಚಾವಟಿ ಮುಟ್ಟಿದ್ದನ್ನು ನಾನು ನೋಡಿಲ್ಲ. ಕುದುರೆ ಕೆರಳಿದರೆ ಅದರ ಮುಂದೆ ಸುಮ್ಮನೆ ನಿಂತು ನಾಲಿಗೆಯಲ್ಲಿ ಲೊಚ್ ಲೊಚ್ ಎನ್ನುತ್ತಿದ್ದರು. ಮನೆಯಲ್ಲಿ ನಾನು ರೇಗಿದರೂ ಅದೇ ಸದ್ದು.

"ನಾನೇನ್ ಕುದ್ರೆನಾ?" ಎಂದರೆ, "ಕುದ್ರೆ ಆಗಿದ್ರೆ ಇಷ್ಟೊತ್ಗೆ ಸುಮ್ಕಾಗಿರೋದು ಕಣೇ" ಎನ್ನುತ್ತಿದ್ದರು.

ಅವರನ್ನು ಗಲ್ಫಿಗೆ ಕಳಿಸಿದವನು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಆಫೀಸು ಇಟ್ಟುಕೊಂಡಿದ್ದ ಒಬ್ಬ ಏಜೆಂಟ್. ನಮ್ಮ ಪಡಸಾಲೆಯಲ್ಲಿ ಕೂತು, "ಕುದ್ರೆ ಗೊತ್ತಿರೋರ್ನ ಅಲ್ಲಿ ತಲೆ ಮೇಲೆ ಹೊತ್ಕೋತಾರೆ. ಲಾಯಕ್ಕೆಲ್ಲ ಏಸಿ ಹಾಕ್ಸವ್ರೆ ಕಣಮ್ಮ. ನಿಮ್ ಮನೇಗಿಂತ ಚೆನ್ನಾಗೈತೆ" ಎಂದ.

"ಹಂಗಾದ್ರೆ ನೀನೇ ಹೋಗಿ ಕಟ್ಟಾಕ್ಕಳಪ್ಪ" ಎಂದರು ಅತ್ತೆ. ಎಲ್ಲರೂ ನಕ್ಕೆವು. ಅವನೂ ನಕ್ಕ.

ಇವರ ಜೊತೆ ಹೊರಟವರು ಬೆಳ್ಳಾವಿಯವರೊಬ್ಬರು. ಏಜೆಂಟ್ ಇಬ್ಬರನ್ನೂ ಊರು ನೋಡಲು ಹೋಗುವವರ ವೀಸಾದಲ್ಲಿ ವಿಮಾನ ಹತ್ತಿಸಿದ. ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸುತ್ತಾರೆ ಎಂದಿದ್ದ. ಮಾಡಿಸಲಿಲ್ಲ. ಇವರು ಇಳಿದ ದಿನವೇ ಲಾಯದ ಯಜಮಾನ ಇಬ್ಬರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ. ಆ ದೇಶದ ಕಾನೂನಿನ ಕಣ್ಣಿಗೆ ಅವರು ಕೆಲಸಗಾರರೇ ಅಲ್ಲ. ಹೊಡೆದರೆ ದೂರು ಕೊಡಲು ಹೋದವರೇ ಜೈಲಿಗೆ.

ಮೊದಲ ಏಟು ನಾನು ಕೇಳಿದ್ದು ಫೋನಿನಲ್ಲಿ. ಅವರು ವಿಡಿಯೋದಲ್ಲಿ ಹೆಣ್ಣುಕುದುರೆಯೊಂದನ್ನು ತೋರಿಸುತ್ತಿದ್ದರು. ಹಿಂದೆ ಯಾರೋ ಕೂಗಿದರು. ಇವರು ಫೋನನ್ನು ಹುಲ್ಲಿನೊಳಗೆ ತುರುಕಿದರು. ಪರದೆ ಕತ್ತಲಾಯಿತು, ಸದ್ದು ಮಾತ್ರ ಬರುತ್ತಿತ್ತು. ರಬ್ಬರ್ ಪೈಪು ಮಾಂಸದ ಮೇಲೆ ಬೀಳುವ ಸದ್ದು ಒದ್ದೆ ಬಟ್ಟೆ ಕಲ್ಲಿಗೆ ಒಗೆದ ಹಾಗಿರುತ್ತದೆ. ಬೆಳ್ಳಾವಿಯವರು "ಅಯ್ಯೋ ಅಮ್ಮಾ, ಅಣ್ಣಾ" ಎಂದು ಅರಚುತ್ತಿದ್ದರು. ಬಕೆಟ್ಟಿನಲ್ಲಿ ನೀರು ಖಾಲಿಯಾಗಿತ್ತಂತೆ, ಕುದುರೆಗೆ ಬಾಯಾರಿತ್ತಂತೆ. ಅದಕ್ಕೆ.

ಆಮೇಲೆ ಅದು ದಿನದ ಮಾತಾಯಿತು. ಒಮ್ಮೆ ಇವರ ಹುಬ್ಬು ಸೀಳಿತ್ತು. ಇನ್ನೊಮ್ಮೆ ಎಡಗಿವಿ ಕೇಳಿಸುತ್ತಿರಲಿಲ್ಲ, ಫೋನನ್ನು ಬಲಕ್ಕೆ ಹಿಡಿದು ಮಾತಾಡಿದರು. ನಾನು ಏಜೆಂಟನ ಆಫೀಸಿಗೆ ಹೋಗಿ ಅತ್ತು ಕೂಗಾಡಿದೆ. "ದೊಡ್ ಯಜಮಾನ್ರು ಅಂದ್ಮೇಲೆ ಒಂದೇಟು ಬೀಳುತ್ತೆ, ಬುಡಮ್ಮ" ಎಂದ. ಕಡೆಯ ಸಲ ಮಾತಾಡಿದಾಗ ಇವರು, "ನಾಳೆ ಪಾಸ್‌ಪೋರ್ಟ್ ಕೇಳ್ತೀನಿ. ಇಬ್ರುದೂ ಕೇಳ್ತೀನಿ. ಅವ್ನ್ ಇಲ್ಲಿ ಉಳಿಯಕಿಲ್ಲ, ಸಾಯ್ತಾನೆ" ಎಂದರು. ಬೆಳ್ಳಾವಿಯವರ ಬಗ್ಗೆ ಹೇಳಿದ ಮಾತು ಅದು.

ಸತ್ತವರು ಇವರು. ಏಜೆಂಟನೇ ಬಂದು ಹೇಳಿದ: ಕುದುರೆ ಎದೆಗೆ ಒದೆಯಿತು, ಆಸ್ಪತ್ರೆಯವರು ಬರೆದುಕೊಟ್ಟಿದ್ದಾರೆ.

ನಂಬಿದೆವು. ಕುದುರೆ ಒದೆಯುತ್ತದೆ, ನಮ್ಮ ಕಡೆ ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಬೆಳ್ಳಾವಿಯವರ ಫೋನು ಅವತ್ತಿನಿಂದ ಸಿಗಲಿಲ್ಲ.

ದೇಹ ಬರಲು ವಾರಗಳೇ ಹಿಡಿದವು. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಆಂಬುಲೆನ್ಸಿನಲ್ಲಿ ಬಂತು, ಏಜೆಂಟ್ ಜೊತೆಯಲ್ಲೇ ಕೂತು ಬಂದ. ಪ್ಲೈವುಡ್ ಪೆಟ್ಟಿಗೆ, ಸುತ್ತ ಸ್ಕ್ರೂ, ಒಳಗೆ ತಗಡು. "ತೆಗೀಬ್ಯಾಡಿ. ಒಳಗೆ ಕೆಮಿಕಲ್ ಹಾಕವ್ರೆ, ಉಸ್ರು ತಗಂಡ್ರೆ ಕಾಯ್ಲೆ. ಹಂಗೇ ಇಳ್ಸಿಬುಡಿ" ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ. ನಮ್ಮ ಜನ ಹೆದರಿದ್ದರು. ಇಳಿಸಿಬಿಡುತ್ತಿದ್ದರೇನೋ. ಆದರೆ ಮಾವ ಗುಂಡಿಯನ್ನು ನಮ್ಮ ರೀತಿಯಲ್ಲೇ ತೋಡಿಸಿದ್ದರು. ಮಲಗಿದ ಪೆಟ್ಟಿಗೆ ಚೌಕದ ಬಾಯಿಗೆ ಅಡ್ಡ ಕೂತಿತು. ಓರೆ ಮಾಡಿದರು, ತಿರುಗಿಸಿದರು. ಒಳಗೆ ದೇಹ ಜಾರಿ ತಲೆ ತಗಡಿಗೆ ಬಡಿದ ಸದ್ದಾಯಿತು. ಅತ್ತೆ ಕಿರುಚಿಕೊಂಡರು.

"ನಿಂತ್ಕಳ್ರಪ್ಪ. ನನ್ ಮಗ ಡಬ್ಬದಾಗೆ ಹೋಗೋನಲ್ಲ. ಕೂತು ಹೋಗ್ತಾನೆ" ಎಂದರು ಮಾವ.

ಏಜೆಂಟನಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ಅವನ ಮುಖ ಬಿಳಿಚಿಕೊಂಡದ್ದು ನಾನು ನೋಡಿದೆ.

ಪೆಟ್ಟಿಗೆ ತೆಗೆದರು. ಹಂಡೆಯಲ್ಲಿ ನೀರು ಕಾಯಿಸಿ, ಬಿಗಿದ ಕೀಲು ಸಡಿಲವಾಗಲೆಂದು ಮೈದುನ ಮತ್ತು ಮಾವ ಮಂಡಿಗಳ ಮೇಲೆ ಬಿಸಿನೀರು ಹೊಯ್ದು ತಿಕ್ಕಿದರು. ಎದೆಯ ಮೇಲೆ ಕಪ್ಪು ಕಲೆ ಇತ್ತು. ಮಣಿಕಟ್ಟುಗಳಿಗೆ ಬಿಳಿ ಬ್ಯಾಂಡೇಜು. ಸೂಜಿ ಹಾಕಿದ ಜಾಗ ಎಂದ ಏಜೆಂಟ್. ಅಲ್ಲಿಯವರೆಗೂ ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಮಾವ ಎಡಗಾಲನ್ನು ಮಡಚಿ ಬಲತೊಡೆಯ ಮೇಲೆ ಇಟ್ಟರು.

ಮಲಗಿದ ಹೆಣದ ಅಂಗಾಲನ್ನು ಯಾರೂ ನೋಡುವುದಿಲ್ಲ. ಕೂತ ಹೆಣದ ಅಂಗಾಲು ಮೇಲಕ್ಕೆ ತಿರುಗಿ ಎಲ್ಲರಿಗೂ ಕಾಣುತ್ತದೆ. ಅದು ಹಿಮ್ಮಡಿಯಿಂದ ಬೆರಳಿನ ತನಕ ಅಡ್ಡಡ್ಡ ಸೀಳಿತ್ತು. ಸೀಳಿನೊಳಗೆ ಹುಲ್ಲಿನ ಎಸಳು ಹೂತು ಒಣಗಿತ್ತು. ಬಲಗಾಲೂ ಹಾಗೇ. ಮೈದುನ ಹಲ್ಲಿನಿಂದ ಬ್ಯಾಂಡೇಜು ಕಚ್ಚಿ ಹರಿದ. ಮಣಿಕಟ್ಟಿನ ಸುತ್ತ ಹಗ್ಗ ಮೂಳೆಯವರೆಗೆ ಕೊರೆದಿತ್ತು. ಹಗ್ಗದ ಹುರಿ ಚರ್ಮದ ಮೇಲೆ ಅಚ್ಚಾಗಿತ್ತು.

ಮಾವ ಏಜೆಂಟನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಕುದ್ರೆ ಅಂಗಾಲಿಗೆ ಒದೀತೇನಪ್ಪ?"

ಅವನು ಓಡಿದ. ಮೈದುನ ಗುದ್ದಲಿಯ ಕಾವಿನಿಂದ ಕಾಲಿಗೆ ಬೀಸಿದ, ಏಜೆಂಟ್ ಬಿದ್ದ. ಎದ್ದವನ ಬಾಯಿಗೆ ಇನ್ನೊಂದು ಬಿತ್ತು. ಅವನ ಹಲ್ಲು ಅವನ ಅಂಗಿಯ ಮೇಲೇ ಉದುರಿತು. ಹತ್ತಾರು ಜನ ಸೇರಿ ಆಂಬುಲೆನ್ಸಿನ ಬಾಗಿಲಿಗೆ ಅವನನ್ನು ಒತ್ತಿ ತಲೆಯನ್ನು ಜಪ್ಪಿದರು. "ಅವನ್ನೂ ಅದೇ ಡಬ್ಬಕ್ಕೆ ತುಂಬ್ರಲಾ!" ಎಂದು ಯಾರೋ ಕೂಗಿದರು. ನನ್ನ ಮನಸ್ಸಿಗೆ ಅದು ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಏಟು ಬೀಳಲಿ ಎಂದು ಕಾಯುತ್ತಿದ್ದೆ.

ಆಗ ಯಾರೋ ನನ್ನ ಸೆರಗು ಜಗ್ಗಿದರು. ಬೆಳ್ಳಾವಿಯವರ ಹೆಂಡತಿ. ಬೆಳಿಗ್ಗೆಯೇ ಬಸ್ ಹತ್ತಿ ಬಂದು ಒಂದು ತೆಂಗಿನ ಮರದ ಬುಡದಲ್ಲಿ ನಿಂತಿದ್ದಳು. "ಅಕ್ಕ, ಅವನ್ನ ಸಾಯಿಸ್ಬುಟ್ರೆ ನಮ್ಮೋರು ಎಲ್ಲವ್ರೆ ಅಂತ ಯಾರ್ ಹೇಳ್ತಾರೆ? ನಿಮ್ಮೋರ್ನ ಹಿಂಗೇ ಮಣ್ಣು ಮಾಡ್ಬುಟ್ರೆ ಕುದ್ರೆ ಒದ್ದಿದ್ದು ಅಂತಲೇ ಆಯ್ತದೆ. ನಮ್ಮೋರೂ ಇನ್ನೊಂದು ಡಬ್ಬದಾಗೆ ಬತ್ತಾರೆ ಅಕ್ಕ" ಎಂದಳು.

ನನಗೆ ಕಡೆಯ ಫೋನು ನೆನಪಾಯಿತು. ಇಬ್ರುದೂ ಕೇಳ್ತೀನಿ.

ಅಷ್ಟರಲ್ಲಿ ಹಿರಿಯರು ಮಾತಾಡಿಕೊಂಡಿದ್ದರು. ಹೊತ್ತು ಇಳಿಯುವ ಮೊದಲು ಮುಗಿಸೋಣ, ಪೋಲೀಸು ಗೀಲೀಸು ಅಂದರೆ ಹೆಣ ಕುಯ್ಯುತ್ತಾರೆ, ಕುಯ್ದ ದೇಹವನ್ನು ಕೂರಿಸಲಾಗುವುದಿಲ್ಲ. ವಿಧಿ ಮಾಡಿಸುವ ಐನೋರೂ ಹೂಂ ಎಂದರು. ದೇಹಕ್ಕೆ ವಿಭೂತಿ ಬಳಿದು ಎತ್ತಿಕೊಂಡು ಬಂದರು. ನಾನು ಅವರಿಗಿಂತ ಮುಂದೆ ಓಡಿ ಗುಂಡಿಯೊಳಕ್ಕೆ ಇಳಿದೆ, ಗೂಡಿನಲ್ಲಿ ಕೂತೆ. ಅಲ್ಲಿ ಕೂತೇ ಫೋನ್ ತೆಗೆದು ಒಂದು ಒಂದು ಎರಡಕ್ಕೆ ಕರೆ ಮಾಡಿದೆ. "ನಮ್ ತೋಟದಲ್ಲಿ ಒಂದ್ ಕೊಲೆ ಆಗೈತೆ, ಇನ್ನೊಂದ್ ಆಗ್ತೈತೆ, ಬನ್ನಿ" ಎಂದೆ.

ಅತ್ತೆ ಗುಂಡಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೈ ಇಳಿಬಿಟ್ಟು ನನ್ನ ಜಡೆ ಹಿಡಿದರು. "ಏಳೇ ಮುಂಡೆ! ನನ್ ಮಗನ್ನ ಕುಯ್ಯಕ್ ಕಳಿಸ್ತೀಯೇನೇ? ಅವ್ನ್ ಕೂತ್ಕಳ್ಳೋ ಜಾಗ ಅದು!" ಜಗ್ಗಿದರು. ನಾನು ಗೋಡೆಯ ಬೇರುಗಳನ್ನು ಹಿಡಿದುಕೊಂಡೆ. ತಲೆಯ ಒಂದು ಕಡೆಯ ಕೂದಲು ಬುಡ ಸಮೇತ ಕಿತ್ತು ಅವರ ಕೈಗೆ ಬಂತು, ಕಣ್ಣೊಳಕ್ಕೆ ರಕ್ತ ಇಳಿಯಿತು. ಯಾರೋ ಮೇಲಿಂದ ಮಣ್ಣಿನ ಹೆಂಟೆ ಎಸೆದರು. ಬೆಳ್ಳಾವಿಯವಳು ಅತ್ತೆಯ ಸೊಂಟವನ್ನು ತಬ್ಬಿ ಹಿಂದಕ್ಕೆ ಎಳೆಯುತ್ತಿದ್ದಳು, ಅವಳ ಬೆನ್ನಿಗೂ ಒದೆ ಬೀಳುತ್ತಿತ್ತು. ನಾನು ಏಳಲಿಲ್ಲ.

ಪೋಲೀಸರು ಬಂದಾಗ ಏಜೆಂಟ್ ಇನ್ನೂ ಉಸಿರಾಡುತ್ತಿದ್ದ. ಎಸ್‌ಐ ಗುಂಡಿಯೊಳಗೆ ಬಗ್ಗಿ, "ಮೇಲ್ ಬನ್ನಿ ಅಮ್ಮ. ಅಲ್ಲಿ ಆಗಿರೋದು ನಮ್ ಲಿಮಿಟ್ಸ್‌ಗೆ ಬರಲ್ಲ" ಎಂದರು.

"ಕಳಿಸ್ದೋನು ನಿಮ್ ಲಿಮಿಟ್ಸ್‌ನಲ್ಲೇ ಬಿದ್ದವ್ನೆ ಸಾರ್. ನನ್ ಗಂಡನ್ ಕಾಲೂ ನಿಮ್ ಲಿಮಿಟ್ಸ್‌ನಲ್ಲೇ ಐತೆ. ಒಂದ್ಸಲ ನೋಡಿ" ಎಂದೆ.

ಅವರು ಹೋಗಿ ನೋಡಿ ಬಂದರು. ಆಮೇಲೆ ಲಿಮಿಟ್ಸ್ ಮಾತು ಎತ್ತಲಿಲ್ಲ. ಆದರೂ ಮನೆಯವರು ಒಪ್ಪಬೇಕು, ಇಲ್ಲದಿದ್ದರೆ ಇಲ್ಲೇ ಗಲಾಟೆ ಆಗುತ್ತದೆ ಎಂದರು. ಎಲ್ಲರೂ ಮಾವನ ಮುಖ ನೋಡಿದರು. ಮಾವ ಮಗನ ಅಂಗಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಸೀಳಿನಲ್ಲಿದ್ದ ಹುಲ್ಲಿನ ಎಸಳನ್ನು ಉಗುರಿನಿಂದ ಬಿಡಿಸುತ್ತ ಕೂತಿದ್ದರು. ಎಸ್‌ಐ, "ಅದನ್ನ ತೆಗೀಬೇಡಿ ಯಜಮಾನ್ರೆ, ಡಾಕ್ಟ್ರು ನೋಡ್ಬೇಕು" ಎಂದರು. ಮಾವ ಕೈ ಹಿಂದೆ ತೆಗೆದರು. "ಎತ್ರಪ್ಪ. ಗಾಡಿಗೆ ಹಾಕಿ" ಎಂದರು.

ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಕುಯ್ದರು. ಪಕ್ಕೆಲುಬುಗಳು ಹಿಂದಿನಿಂದ ಮುರಿದಿದ್ದವು. ಕೈ ಕಟ್ಟಿದಾಗ ಜೀವ ಇತ್ತು. ಅಂಗಾಲಿಗೆ ಹೊಡೆದ ಮೇಲೂ ನಡೆದಿದ್ದಾರೆ. ಡಾಕ್ಟರು ಇದನ್ನು ನನಗೆ ಕಾರಿಡಾರಿನಲ್ಲಿ ನಿಲ್ಲಿಸಿ, ನಿಧಾನವಾಗಿ ಹೇಳಿದರು. ಮರುದಿನ ದೇಹ ತಂದಾಗ ಎದೆಯಿಂದ ಕೆಳಕ್ಕೆ ಹೊಲಿಗೆ. ಕೂರಿಸಲು ನೋಡಿದರು, ಹೊಲಿಗೆ ಬಿಡತೊಡಗಿತು. ಮಾವ ತಾವೇ ಗುದ್ದಲಿ ತೆಗೆದುಕೊಂಡು ಗುಂಡಿಯನ್ನು ಒಂದು ಕಡೆಗೆ ಉದ್ದ ಮಾಡಿದರು. ನಮ್ಮ ತೋಟದಲ್ಲಿ ಮಲಗಿರುವವರು ಇವರೊಬ್ಬರೇ.

ಅತ್ತೆ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದೆವು. ನಾನು ಮುದ್ದೆಗೆ ಹಿಟ್ಟು ತೊಳಸಿ ಹೊರಗೆ ಹೋದ ಮೇಲೆ ಅವರು ಒಳಗೆ ಬಂದು ಉಣ್ಣುತ್ತಿದ್ದರು. ನನ್ನ ತಲೆಯಲ್ಲಿ ಆ ಜಾಗದಲ್ಲಿ ಕೂದಲು ಮತ್ತೆ ಬರಲಿಲ್ಲ.

ಜಿಲ್ಲಾಧಿಕಾರಿ ಕಚೇರಿಗೆ ನಾನೂ ಬೆಳ್ಳಾವಿಯವಳೂ ಹೋಗುತ್ತಲೇ ಇದ್ದೆವು. ಅವಳು ಬೆಳ್ಳಾವಿಯಿಂದ, ನಾನು ಕುಣಿಗಲ್‌ನಿಂದ. ಲಾಯ ಎಲ್ಲಿದೆ ಎಂಬುದನ್ನು ಏಜೆಂಟ್ ಒಡೆದ ಬಾಯಿಯಲ್ಲೇ ಪೋಲೀಸರಿಗೆ ಹೇಳಿದ್ದ. ಡಾಕ್ಟರ ವರದಿ ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಹೋಯಿತು. ಕಡೆಗೊಂದು ದಿನ ಅಲ್ಲಿಂದ ಜನ ಹೋಗಿ ಬೆಳ್ಳಾವಿಯವರನ್ನು ಹೊರಗೆ ತಂದರು. ಆ ಯಜಮಾನನಿಗೆ ಏನಾಯಿತು ಎಂದು ನಮಗೆ ಯಾರೂ ಹೇಳಲಿಲ್ಲ. ಏಜೆಂಟ್ ಜಾಮೀನಿನ ಮೇಲೆ ಹೊರಗಿದ್ದಾನೆ. ಮೈದುನನ ಮೇಲೂ ಕೇಸು ಇದೆ, ಇಬ್ಬರೂ ಒಂದೇ ಕೋರ್ಟಿಗೆ ಹೋಗುತ್ತಾರೆ.

ಬೆಳ್ಳಾವಿಯವರು ಬಂದ ಮೇಲೆ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮಧ್ಯಾಹ್ನ. ಮೊದಲು ತೋಟಕ್ಕೆ ಹೋಗಿ ಉದ್ದನೆಯ ಮಣ್ಣಿನ ಮುಂದೆ ನಿಂತರು. ಪಡಸಾಲೆಗೆ ಬಂದು ಕೂತಾಗ ಮಾವ ಕೇಳಿದರು, "ಹೇಳಪ್ಪ. ಎಲ್ಲಾ ಹೇಳು."

ಅವರು ನೆಲ ನೋಡಿಕೊಂಡು ಹೇಳಿದರು. ಪಾಸ್‌ಪೋರ್ಟ್ ಕೇಳಿದ್ದಕ್ಕೆ ಕುದುರೆ ಕಟ್ಟುವ ಕಬ್ಬಿಣದ ಬಳೆಗೆ ಇಬ್ಬರನ್ನೂ ಎದುರುಬದುರು ಕಟ್ಟಿದರು. ಇವರ ಅಂಗಾಲಿಗೆ ಹೊಡೆದರು. ಬೆಳ್ಳಾವಿಯವರ ಬಲಗೈ ಬೆರಳುಗಳನ್ನು ಬಾಗಿಲಿಗೆ ಸಿಕ್ಕಿಸಿ ಮುರಿದರು. ಬಿಚ್ಚಿದ ಮೇಲೆ ಆ ಕಾಲಲ್ಲೇ ಲಾಯ ಗುಡಿಸಿ, ಸಂಜೆ ಇವರು ಮತ್ತೆ ಹೋಗಿ ಕೇಳಿದರು. ಆಗ ಪೈಪಿನಲ್ಲಿ ಬೆನ್ನಿಗೆ ಹೊಡೆದರು, ಬೀಳುವ ತನಕ, ಬಿದ್ದ ಮೇಲೂ.

"ನಾನು ಜೋರಾಗ್ ಅಳ್ತಿದ್ದೆ. ಅಣ್ಣ ನನ್ ಕಡೆ ನೋಡ್ಕಂಡು, ಹಿಂಗೆ…" ಎಂದು ನಾಲಿಗೆಯಲ್ಲಿ ಲೊಚ್ ಲೊಚ್ ಎಂದರು. "ಕುದ್ರೆಗೆ ಮಾಡೋ ಹಂಗೆ. ಹೊಡೀವಾಗ್ಲೂ ಮಾಡ್ತಾನೇ ಇತ್ತು. ಆ ಸದ್ದು ನಿಂತ್ಮೇಲೇ ಅಣ್ಣ ಇಲ್ಲ ಅಂತ ನಂಗೊತ್ತಾಗಿದ್ದು."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಒಳಗೆ ಹೋಗಿ ತಟ್ಟೆಗೆ ಮುದ್ದೆ, ಸಾರು ಬಡಿಸಿಕೊಂಡು ಬಂದು ಬೆಳ್ಳಾವಿಯವರ ಮುಂದಿಟ್ಟರು. ಬೆರಳು ಮಡಚಲು ಬರುತ್ತಿರಲಿಲ್ಲ, ಮುದ್ದೆ ಕೈಯಿಂದ ಜಾರಿತು. ಅವರ ಹೆಂಡತಿ ಎದ್ದಳು. ಅತ್ತೆ ಅವಳನ್ನು ಕೂರಿಸಿ, ತಾವೇ ಮುದ್ದೆ ಮುರಿದು ಸಾರಿಗೆ ಅದ್ದಿ ಅವರ ಬಾಯಿಗಿಟ್ಟರು. "ನುಂಗಪ್ಪ. ಅಗೀಬ್ಯಾಡ" ಎಂದರು. ಅವರು ಅಳುತ್ತ ನುಂಗಿದರು. ಇನ್ನೊಂದು ತುತ್ತು ಮುರಿಯುತ್ತ, ತಲೆ ಎತ್ತದೆಯೇ ಅತ್ತೆ ನನಗೆ ಹೇಳಿದರು:

"ನಿಂತ್ಕಂಡ್ ಏನ್ ನೋಡ್ತೀಯೇ? ಸಾರು ಸಾಲಕಿಲ್ಲ, ತಗಂಡ್ ಬಾ. ನಿನ್ ತಟ್ಟೆನೂ ತಾ."